ಒಂದೇ ಷೇರಿಗೆ ಎರಡು ಸಂಖ್ಯೆ: ಯಾವುದನ್ನು ನಂಬಬೇಕು?

ಪ್ರಶ್ನೆ: ಹಳೆಯ ಬ್ರೋಕರ್ ಖಾತೆಯನ್ನು ಮುಚ್ಚುವ ಮುನ್ನ ನನ್ನ ಹೂಡಿಕೆಗಳ ಪಟ್ಟಿಯನ್ನು ತಾಳೆ ನೋಡಲು ಕುಳಿತೆ. ಜನರಲ್ ಎಲೆಕ್ಟ್ರಿಕ್ ಷೇರಿನ ಎದುರು 2020ರ ವಿವರಪಟ್ಟಿಯಲ್ಲಿ ಯುಎಸ್3696041033 ಎಂಬ ಐಸಿನ್ (ಷೇರು, ಬಾಂಡ್‌ಗಳ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ) ಇದೆ. ಈಗಿನ ಪಟ್ಟಿಯಲ್ಲಿ ಇರುವುದು ಯುಎಸ್3696043013. ಆಗ 800 ಷೇರುಗಳಿದ್ದವು, ಈಗ 100. ಟಿಕರ್, ಅಂದರೆ ಷೇರುಪೇಟೆಯ ಕಿರುಹೆಸರು, ಮಾತ್ರ ಎರಡರಲ್ಲೂ ಜಿಇ. ಇವು ಬೇರೆ ಬೇರೆ ಷೇರುಗಳೇ, ಇಲ್ಲವೇ ಒಂದು ಸಂಖ್ಯೆ ತಪ್ಪಾಗಿದೆಯೇ? ಐಸಿನ್, ಕ್ಯೂಸಿಪ್, ಸೆಡಾಲ್, ಫಿಗಿ ಎಂದು ಒಂದು ಷೇರಿಗೆ ಇಷ್ಟೊಂದು ಸಂಖ್ಯೆಗಳೇಕೆ? ಟಿಕರ್ ಒಂದೇ ಸಾಲದೇ?

ಉತ್ತರ: ಎರಡೂ ಸಂಖ್ಯೆಗಳು ಸರಿಯಾಗಿಯೇ ಇವೆ, ನಿಮ್ಮ ಷೇರುಗಳೂ ಎಲ್ಲಿಗೂ ಹೋಗಿಲ್ಲ. 2021ರ ಜುಲೈ ಕೊನೆಗೆ ಜನರಲ್ ಎಲೆಕ್ಟ್ರಿಕ್ ತನ್ನ ಪ್ರತಿ ಎಂಟು ಷೇರುಗಳನ್ನು ಕೂಡಿಸಿ ಒಂದು ಮಾಡಿತು. ಇದನ್ನು ರಿವರ್ಸ್ ಸ್ಪ್ಲಿಟ್ ಎನ್ನುತ್ತಾರೆ. 800 ಅನ್ನು 8ರಿಂದ ಭಾಗಿಸಿದರೆ 100; ಲೆಕ್ಕ ಸರಿಹೋಯಿತು. ಆ ದಿನದಿಂದ ಹಳೆಯ ಸಂಖ್ಯೆ ನಿವೃತ್ತಿಯಾಗಿ ಹೊಸ ಸಂಖ್ಯೆ ಬಂತು.

ಕಂಪನಿ ಅದೇ, ಟಿಕರ್ ಅದೇ ಆಗಿರುವಾಗ ಸಂಖ್ಯೆಯನ್ನೇಕೆ ಬದಲಿಸಬೇಕಿತ್ತು ಎಂದು ನೀವು ಕೇಳಬಹುದು. ಹಳೆಯ ಒಂದು ಷೇರು ಕಂಪನಿಯ ಎಷ್ಟು ಪಾಲನ್ನು ಕೊಡುತ್ತಿತ್ತೋ ಹೊಸ ಒಂದು ಷೇರು ಅದರ ಎಂಟು ಪಟ್ಟು ಕೊಡುತ್ತದೆ. ಎರಡಕ್ಕೂ ಒಂದೇ ಸಂಖ್ಯೆ ಇದ್ದಿದ್ದರೆ, ವಹಿವಾಟು ಬದಲಾವಣೆಗೆ ಮುಂಚೆ ನಡೆದು ಷೇರಿನ ಹಸ್ತಾಂತರ ಬದಲಾವಣೆಯ ನಂತರ ಆಗುವ ಪ್ರಸಂಗದಲ್ಲಿ, ಕೊಡಬೇಕಾದದ್ದು ಹಳೆಯ ನೂರೋ ಹೊಸ ನೂರೋ ಎಂಬ ಜಗಳ ಹುಟ್ಟುತ್ತಿತ್ತು. ಎರಡು ಸಂಖ್ಯೆಗಳಿದ್ದರೆ ಆ ಜಗಳಕ್ಕೆ ಜಾಗವೇ ಇಲ್ಲ. ಹಾಗೆಂದು ಇದು ಎಲ್ಲೆಡೆ ಒಂದೇ ರೀತಿ ನಡೆಯುತ್ತದೆ ಎಂದುಕೊಳ್ಳಬೇಡಿ. 2020ರಲ್ಲಿ ಆಪಲ್ ತನ್ನ ಒಂದು ಷೇರನ್ನು ನಾಲ್ಕಾಗಿ ಸೀಳಿದಾಗ ಐಸಿನ್ ಬದಲಾಗಲೇ ಇಲ್ಲ. ಕೂಡಿಸಿದಾಗ ಹೊಸ ಸಂಖ್ಯೆ, ಸೀಳಿದಾಗ ಹಳೆಯದೇ ಎಂಬುದು ಅಮೆರಿಕದ ರೂಢಿ; ಬೇರೆ ದೇಶಗಳಲ್ಲಿ ರೂಢಿ ಬೇರೆ. ನನ್ನನ್ನು ಕೇಳಿದರೆ, ಈ ಕ್ಷೇತ್ರದಲ್ಲಿ ಅತಿ ಹೆಚ್ಚು ತಲೆನೋವು ತರುವುದು ಇಂಥ ಅರ್ಧಂಬರ್ಧ ನಿಯಮಗಳೇ.

ಈಗ ಟಿಕರ್ ವಿಷಯಕ್ಕೆ ಬರೋಣ. ನಿಮ್ಮ ಪ್ರಕರಣದಲ್ಲಿ ಟಿಕರ್ ಹಾಗೆಯೇ ಉಳಿದು ಐಸಿನ್ ಬದಲಾಯಿತು. ಇದಕ್ಕೆ ತದ್ವಿರುದ್ಧವಾದದ್ದೂ ನಡೆಯುತ್ತದೆ. ಫೇಸ್‌ಬುಕ್ ಕಂಪನಿ ಮೆಟಾ ಎಂದು ಹೆಸರು ಬದಲಿಸಿಕೊಂಡು 2022ರ ಜೂನ್‌ನಲ್ಲಿ ಎಫ್‌ಬಿ ಎಂಬ ಟಿಕರ್ ಬಿಟ್ಟು ಮೆಟಾ ಎಂಬುದನ್ನೇ ಟಿಕರ್ ಮಾಡಿಕೊಂಡಿತು. ಐಸಿನ್‌ನ ಒಂದು ಅಂಕಿಯೂ ಕದಲಲಿಲ್ಲ. ಮಾಲೀಕತ್ವದ ದೃಷ್ಟಿಯಿಂದ ಏನೂ ಬದಲಾಗಿರಲಿಲ್ಲವಲ್ಲ. ಈ ಎರಡು ಪ್ರಕರಣಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಟಿಕರ್ ಯಾವುದಕ್ಕೆ, ಐಸಿನ್ ಯಾವುದಕ್ಕೆ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ.

ಟಿಕರ್ ಹುಟ್ಟಿದ್ದು ತಂತಿಯ ಕಾಲದಲ್ಲಿ. 1867ರಲ್ಲಿ ಎಡ್ವರ್ಡ್ ಕ್ಯಾಲಹಾನ್ ರೂಪಿಸಿದ ಯಂತ್ರ ಷೇರು ಬೆಲೆಗಳನ್ನು ಕಾಗದದ ಪಟ್ಟಿಯ ಮೇಲೆ ಟಿಕ್ ಟಿಕ್ ಎಂದು ಅಚ್ಚೊತ್ತುತ್ತಿತ್ತು. ಪೂರ್ತಿ ಹೆಸರು ಬರೆಯಲು ಪುರುಸೊತ್ತೂ ಇರಲಿಲ್ಲ, ಕಾಗದದಲ್ಲಿ ಜಾಗವೂ ಇರಲಿಲ್ಲ. ಒಂದೆರಡು ಅಕ್ಷರಗಳೇ ಸಾಕಾದವು. ಫೋರ್ಡ್ ಇಂದಿಗೂ ಬರಿಯ ಎಫ್. ಅಂದರೆ ಟಿಕರ್ ಎಂಬುದು ಒಂದು ವಿನಿಮಯ ಕೇಂದ್ರ ತನ್ನ ಅಂಗಳದೊಳಗೆ ಕೂಗಲು ಇಟ್ಟುಕೊಂಡ ಅಡ್ಡಹೆಸರು. ಪಕ್ಕದ ಅಂಗಳದಲ್ಲಿ ಅದೇ ಅಡ್ಡಹೆಸರು ಬೇರೊಬ್ಬರಿಗೆ ಇರಬಹುದು. ಒಬ್ಬರು ಬಿಟ್ಟುಹೋದ ಅಡ್ಡಹೆಸರನ್ನು ಮುಂದೆ ಇನ್ನೊಬ್ಬರು ಹೊರಬಹುದು.

ಅಡ್ಡಹೆಸರನ್ನು ನಂಬಿದರೆ ಏನಾಗುತ್ತದೆ ಎಂಬುದನ್ನು 2020ರ ಮಾರ್ಚ್ ತೋರಿಸಿತು. ಎಲ್ಲರೂ ವಿಡಿಯೊ ಕರೆಗೆ ಮೊರೆಹೋದ ಆ ದಿನಗಳಲ್ಲಿ ಝೂಮ್ ಷೇರು ಕೊಳ್ಳುವ ನೂಕುನುಗ್ಗಲು ಶುರುವಾಯಿತು. ವಿಡಿಯೊ ಕರೆಯ ಝೂಮ್ ಕಂಪನಿಯ ಟಿಕರ್ ಝಡ್‌ಎಂ ಎಂಬ ಎರಡಕ್ಷರ. ಝೂಮ್ ಎಂದೇ ಓದಿಕೊಳ್ಳುವ ನಾಲ್ಕಕ್ಷರದ ಟಿಕರ್ ಇದ್ದದ್ದು ಝೂಮ್ ಟೆಕ್ನಾಲಜೀಸ್ ಎಂಬ, ಅದಕ್ಕೆ ಏನೇನೂ ಸಂಬಂಧವಿಲ್ಲದ ಪುಟ್ಟ ಕಂಪನಿಗೆ. ಜನ ಆ ಪುಟ್ಟ ಕಂಪನಿಯ ಷೇರನ್ನೇ ಕೊಂಡು ಅದರ ಬೆಲೆ ಏರಿಸಿಬಿಟ್ಟರು. ಕೊನೆಗೆ ಅಮೆರಿಕದ ಷೇರು ನಿಯಂತ್ರಕ ಸಂಸ್ಥೆಯೇ ಮುಂದೆ ಬಂದು ಅದರ ವಹಿವಾಟನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು.

ಇನ್ನು ನಿಮ್ಮ ಐಸಿನ್ ಅನ್ನೇ ಬಿಡಿಸಿ ನೋಡೋಣ. ಐಸಿನ್‌ನಲ್ಲಿ ಯಾವಾಗಲೂ ಹನ್ನೆರಡು ಸ್ಥಾನಗಳು. ಐಎಸ್‌ಒ 6166 ಎಂಬ ಅಂತರರಾಷ್ಟ್ರೀಯ ಮಾನದಂಡ ಅದನ್ನು ಗೊತ್ತುಮಾಡಿದೆ. ಮೊದಲೆರಡು ಅಕ್ಷರಗಳು ದೇಶದ ಸಂಕೇತ, ನಡುವಿನ ಒಂಬತ್ತು ಸ್ಥಾನಗಳು ಆ ದೇಶದ ಸ್ವಂತ ಸಂಖ್ಯೆ, ಕೊನೆಯದು ಬರೆಯುವಾಗಿನ ತಪ್ಪು ಹಿಡಿಯಲು ಇಟ್ಟ ತಾಳೆ ಅಂಕಿ. ಅಮೆರಿಕದ ಮಟ್ಟಿಗೆ ನಡುವಿನ ಒಂಬತ್ತು ಸ್ಥಾನಗಳು ಎಂದರೆ ಕ್ಯೂಸಿಪ್ಪೇ. ನಿಮ್ಮ ಹಳೆಯ ಸಂಖ್ಯೆಯಿಂದ ಮೊದಲಿನ ಯುಎಸ್, ಕೊನೆಯ 3 ಎರಡನ್ನೂ ಕಳಚಿದರೆ 369604103 ಉಳಿಯುತ್ತದೆ. ಹೊಸದರಿಂದ ಕಳಚಿದರೆ 369604301. ಮೊದಲ ಆರು ಅಂಕಿಗಳು, ಅಂದರೆ 369604, ಷೇರು ಹೊರಡಿಸಿದ ಕಂಪನಿಯನ್ನು ಹೇಳುತ್ತವೆ, ಅವು ಬದಲಾಗಿಲ್ಲ. ಮುಂದಿನ ಎರಡು ಅಂಕಿಗಳು ಯಾವ ಷೇರು ಎಂಬುದನ್ನು ಹೇಳುತ್ತವೆ. ಅವು 10 ಇದ್ದದ್ದು 30 ಆಗಿವೆ. ಒಂಬತ್ತನೆಯದು ಕ್ಯೂಸಿಪ್‌ನ ಸ್ವಂತ ತಾಳೆ ಅಂಕಿ. ‘ಅದೇ ಕಂಪನಿ, ಬೇರೆ ಷೇರು’ ಎಂಬ ನಿಮ್ಮ ಪ್ರಶ್ನೆಯ ಉತ್ತರ ಆ ಸಂಖ್ಯೆಯೊಳಗೇ ಬರೆದಿತ್ತು.

ಬೇರೆ ದೇಶಗಳೂ ತಮ್ಮ ಹಳೆಯ ಸಂಖ್ಯೆಯನ್ನು ಐಸಿನ್ ಎಂಬ ಹೊಸ ಅಂಗಿಯೊಳಗೆ ಹೀಗೆಯೇ ತೂರಿಸಿವೆ. ಜರ್ಮನಿಯ ಎಸ್‌ಎಪಿ ಕಂಪನಿಯ ಐಸಿನ್ ಡಿಇ0007164600. ಅದರೊಳಗಿನ 716460 ಜರ್ಮನ್ನರು ಇವತ್ತಿಗೂ ಬಳಸುವ ಆರಂಕಿಯ ಡಬ್ಲ್ಯೂಕೆಎನ್. ಬ್ರಿಟನ್ನಿನ ಆಸ್ಟ್ರಾಜೆನೆಕಾದ ಐಸಿನ್ ಜಿಬಿ0009895292. ಅದರಲ್ಲಿ ಎರಡು ಸೊನ್ನೆಗಳ ನಂತರ ಬರುವ 0989529 ಲಂಡನ್ ಷೇರುಪೇಟೆ ಕೊಡುವ ಏಳು ಸ್ಥಾನಗಳ ಸೆಡಾಲ್.

ತಾಳೆ ಅಂಕಿಯ ಕೆಲಸವನ್ನು ಒಮ್ಮೆ ಕೈಯಿಂದಲೇ ಮಾಡಿ ನೋಡಿ. ಆಮೇಲೆ ಈ ಸಂಖ್ಯೆಗಳ ಬಗ್ಗೆ ಭಯ ಉಳಿಯುವುದಿಲ್ಲ. ಮೊದಲು ಅಕ್ಷರಗಳನ್ನು ಅಂಕಿಗಳಾಗಿಸಬೇಕು: ಇಂಗ್ಲಿಷ್ ವರ್ಣಮಾಲೆಯ ಎ ಎಂದರೆ 10, ಬಿ ಎಂದರೆ 11, ಹೀಗೆ ಝಡ್ ಎಂದರೆ 35. ಯು 30, ಎಸ್ 28. ಕೊನೆಯ ಅಂಕಿಯನ್ನು ಬಿಟ್ಟು ನಿಮ್ಮ ಹೊಸ ಐಸಿನ್ ಬರೆದರೆ 3028369604301 ಆಗುತ್ತದೆ. ಬಲದಿಂದ ಶುರುಮಾಡಿ ಒಂದು ಬಿಟ್ಟು ಒಂದು ಅಂಕಿಯನ್ನು ಇಮ್ಮಡಿ ಮಾಡಿ. ಇಮ್ಮಡಿಸಿದ್ದು ಎರಡಂಕಿಯಾದರೆ ಆ ಎರಡನ್ನು ಕೂಡಿಸಿ ಒಂದು ಮಾಡಿ. 1, 3, 0, 9, 3, 2, 3 ಇಮ್ಮಡಿಯಾಗಿ 2, 6, 0, 9, 6, 4, 6 ಆಗುತ್ತವೆ, ಮೊತ್ತ 33. ಉಳಿದ 0, 4, 6, 6, 8, 0 ಹಾಗೆಯೇ ಇರುತ್ತವೆ; ಮೊತ್ತ 24. ಒಟ್ಟು 57. ಮುಂದಿನ ಹತ್ತರ ಗುಣಕವಾದ 60 ಮುಟ್ಟಲು 3 ಬೇಕು. ನಿಮ್ಮ ಸಂಖ್ಯೆಯ ಕೊನೆಯಲ್ಲಿ ಇರುವುದೂ 3. ಯಾರಾದರೂ ಟೈಪ್ ಮಾಡುವಾಗ 43 ಎಂಬುದನ್ನು 34 ಎಂದು ಹಿಂದುಮುಂದು ಮಾಡಿದರೆ ಮೊತ್ತ 58 ಆಗಿ ತಾಳೆ ಅಂಕಿ 2 ಬರಬೇಕಾಗುತ್ತದೆ. ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಈ ಕಾವಲುಗಾರನಿಗೂ ಒಂದು ಕುರುಡುಮೂಲೆ ಇದೆ. ಪಕ್ಕಪಕ್ಕದ 0 ಮತ್ತು 9 ಅದಲುಬದಲಾದರೆ ಐಸಿನ್‌ನ ಲೆಕ್ಕಕ್ಕೆ ಗೊತ್ತಾಗುವುದಿಲ್ಲ. ಸೊನ್ನೆಯ ಇಮ್ಮಡಿ ಸೊನ್ನೆ, ಒಂಬತ್ತರ ಇಮ್ಮಡಿ 18, ಅದನ್ನು ಕೂಡಿಸಿದರೆ ಮತ್ತೆ ಒಂಬತ್ತೇ. ಹಾಗಾಗಿ ಆಸ್ಟ್ರಾಜೆನೆಕಾದ ಸಂಖ್ಯೆಯಲ್ಲಿ 09 ಇರುವಲ್ಲಿ 90 ಎಂದು ಬರೆದರೂ ಕೊನೆಯ 2 ಸುಮ್ಮನೆ ತಲೆಯಾಡಿಸುತ್ತದೆ. ಆದರೆ ಒಳಗಿರುವ ಸೆಡಾಲ್ ಬಿಡುವುದಿಲ್ಲ. ಅದರ ಲೆಕ್ಕದಲ್ಲಿ ಮೊದಲ ಆರು ಸ್ಥಾನಗಳಿಗೆ 1, 3, 1, 7, 3, 9 ಎಂಬ ತೂಕಗಳಿವೆ. 098952 ಇದ್ದಾಗ ಗುಣಿಸಿ ಕೂಡಿಸಿದರೆ 131, ತಾಳೆ ಅಂಕಿ 9. ಅದು 908952 ಆದರೆ ಮೊತ್ತ 113, ತಾಳೆ ಅಂಕಿ 7 ಆಗಬೇಕು, ಆದರೆ ಅಲ್ಲಿ ಇರುವುದು 9. ಹೊರಬಾಗಿಲಲ್ಲಿ ನುಸುಳಿದ ಕಳ್ಳ ಒಳಬಾಗಿಲಲ್ಲಿ ಸಿಕ್ಕಿದ ಹಾಗೆ. ಇದನ್ನು ಮೊದಲ ಸಲ ಕಂಡಾಗ ನನಗಾದ ಖುಷಿ ಇನ್ನೂ ನೆನಪಿದೆ.

ಇಷ್ಟೊಂದು ಸಂಖ್ಯೆಗಳೇಕೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ಇತಿಹಾಸದಲ್ಲಿದೆ. 1960ರ ದಶಕದ ಕೊನೆಯಲ್ಲಿ ವಾಲ್ ಸ್ಟ್ರೀಟ್ ಕಾಗದದಲ್ಲಿ ಮುಳುಗಿತ್ತು. ಷೇರು ಮಾರಿದರೆ ಕಾಗದದ ಪ್ರಮಾಣಪತ್ರ ಕೈಯಿಂದ ಕೈಗೆ ಹೋಗಬೇಕಿತ್ತು. ಒಂದೇ ಷೇರನ್ನು ಒಂದೊಂದು ಕಚೇರಿ ಒಂದೊಂದು ಬಗೆಯಲ್ಲಿ ಬರೆದುಕೊಳ್ಳುತ್ತಿತ್ತು. ಬಾಕಿ ಕೆಲಸ ಮುಗಿಸಲು 1968ರ ಉತ್ತರಾರ್ಧದಲ್ಲಿ ನ್ಯೂಯಾರ್ಕ್ ಷೇರುಪೇಟೆ ಪ್ರತಿ ಬುಧವಾರ ಬಾಗಿಲು ಹಾಕುತ್ತಿತ್ತು! ಅಮೆರಿಕದ ಬ್ಯಾಂಕರುಗಳ ಸಂಘ 1964ರಲ್ಲೇ ಸಮಿತಿಯೊಂದನ್ನು ರಚಿಸಿತ್ತು. ಆ ಸಮಿತಿಯ ಉದ್ದನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳೇ ಕ್ಯೂಸಿಪ್ ಆದವು. ಬ್ರಿಟನ್, ಜರ್ಮನಿ, ಸ್ವಿಟ್ಜರ್ಲೆಂಡ್ ಕೂಡ ತಮ್ಮ ತಮ್ಮ ಮನೆಗೆ ಬೇಕಾದ ಸಂಖ್ಯೆಗಳನ್ನು ಮಾಡಿಕೊಂಡವು. ಗಡಿ ದಾಟಿದ ವ್ಯವಹಾರ ಹೆಚ್ಚಿದ ಮೇಲೆ ಈ ಮನೆಭಾಷೆಗಳು ಸಾಲದಾದವು. ಐಸಿನ್ 1981ರಲ್ಲಿ ಬಂದರೂ ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿತ್ತು. 1989ರಲ್ಲಿ ಬ್ಯಾಂಕರು, ಅರ್ಥಶಾಸ್ತ್ರಜ್ಞರ ಜಿ30 ಗುಂಪು ಶಿಫಾರಸು ಮಾಡಿದ ನಂತರ ಅದಕ್ಕೆ ಜೀವ ಬಂತು. 1992ರಲ್ಲಿ ಸಂಖ್ಯೆ ಕೊಡುವ ರಾಷ್ಟ್ರೀಯ ಸಂಸ್ಥೆಗಳು ಸೇರಿ ಅನ್ನಾ ಎಂಬ ಒಕ್ಕೂಟ ಕಟ್ಟಿಕೊಂಡವು.

ಉಳಿದರ್ಧ ಉತ್ತರ ಹೆಚ್ಚು ಮುಖ್ಯ. ಕಂಪನಿ ಬೇರೆ, ಅದು ಹೊರಡಿಸಿದ ಷೇರು ಅಥವಾ ಬಾಂಡ್ ಬೇರೆ, ಆ ಷೇರು ಮಾರಾಟವಾಗುವ ಜಾಗ ಬೇರೆ. ಈ ಮೂರನ್ನೂ ನಾವು ಮಾತಿನಲ್ಲಿ ‘ಷೇರು’ ಎಂದು ಕಲಸಿಬಿಡುತ್ತೇವೆ. ಸಂಖ್ಯೆಗಳು ಹಾಗೆ ಕಲಸುವುದಿಲ್ಲ.

ಕಂಪನಿಯನ್ನು ಗುರುತಿಸುವುದು ಎಲ್‌ಇಐ ಎಂಬ ಇಪ್ಪತ್ತು ಸ್ಥಾನಗಳ ಸಂಕೇತ. 2008ರಲ್ಲಿ ಅಮೆರಿಕದ ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ ಕುಸಿದಾಗ, ಅದರ ಸಾವಿರಾರು ಅಂಗಸಂಸ್ಥೆಗಳಲ್ಲಿ ಯಾವುದು ಯಾರಿಗೆ ಎಷ್ಟು ಕೊಡಬೇಕು ಎಂಬುದನ್ನು ಕೂಡಿಸಿ ಹೇಳಲು ಯಾರಿಂದಲೂ ಆಗಲಿಲ್ಲ. ಎಲ್‌ಇಐ ಆ ಪಾಠದ ಫಲ.

ಷೇರನ್ನು ಅಥವಾ ಬಾಂಡನ್ನು ಗುರುತಿಸುವುದು ಐಸಿನ್. ಗೂಗಲ್‌ನ ಮಾತೃಸಂಸ್ಥೆ ಆಲ್ಫಾಬೆಟ್‌ಗೆ ಮತದ ಹಕ್ಕಿರುವ ಎ ವರ್ಗದ ಷೇರು, ಮತದ ಹಕ್ಕಿಲ್ಲದ ಸಿ ವರ್ಗದ ಷೇರು ಎರಡೂ ಪೇಟೆಯಲ್ಲಿವೆ. ಕಂಪನಿ ಒಂದೇ, ಐಸಿನ್ ಎರಡು. ಬಾಂಡ್‌ಗಳ ವಿಷಯದಲ್ಲಂತೂ ಐಸಿನ್ ಇಲ್ಲದೆ ಗತಿಯಿಲ್ಲ. ಒಂದೇ ಬ್ಯಾಂಕು ಬೇರೆ ಬೇರೆ ಬಡ್ಡಿದರ, ಬೇರೆ ಬೇರೆ ಅವಧಿಯ ನೂರಾರು ಬಾಂಡ್‌ಗಳನ್ನು ಹೊರಡಿಸಿರುತ್ತದೆ. ಅವಕ್ಕೆಲ್ಲ ಅಡ್ಡಹೆಸರು ಇಡುತ್ತ ಕೂರುವವರು ಯಾರು?

ಐಸಿನ್‌ನ ಮೊದಲೆರಡು ಅಕ್ಷರಗಳನ್ನು ಕಂಡು ಷೇರು ಎಲ್ಲಿ ಮಾರಾಟವಾಗುತ್ತದೆ ಎಂದು ಊಹಿಸಬೇಡಿ. ಹೊಸಬರು ಎಡವುವುದೇ ಇಲ್ಲಿ. ಚೀನಾದ ಟೆನ್ಸೆಂಟ್ ಷೇರು ಹಾಂಗ್‌ಕಾಂಗ್‌ನಲ್ಲಿ ಮಾರಾಟವಾಗುತ್ತದೆ, ಅದರ ಐಸಿನ್ ಶುರುವಾಗುವುದು ಕೆವೈ ಎಂದು. ಅದು ಕೇಮನ್ ದ್ವೀಪಗಳ ಸಂಕೇತ. ಕಂಪನಿ ನೋಂದಣಿಯಾಗಿರುವುದು ಅಲ್ಲಿ. ಅಲಿಬಾಬಾದ ಮೂಲ ಷೇರಿಗೂ ಕೆವೈ. ಆದರೆ ನ್ಯೂಯಾರ್ಕ್‌ನಲ್ಲಿ ಮಾರಾಟವಾಗುವ ಅದರ ಎಡಿಆರ್‌ಗೆ ಯುಎಸ್, ಏಕೆಂದರೆ ಎಡಿಆರ್ ಎಂಬುದು ಮೂಲ ಷೇರನ್ನು ಬ್ಯಾಂಕಿನಲ್ಲಿಟ್ಟು ಅದರ ಮೇಲೆ ಹೊರಡಿಸಿದ ಬೇರೆಯೇ ಪತ್ರ. ಎಕ್ಸ್‌ಎಸ್ ಎಂದು ಶುರುವಾಗುವ ಬಾಂಡ್ ಕಂಡರೆ ದೇಶ ಹುಡುಕುತ್ತ ಹೋಗಬೇಡಿ, ಆ ಹೆಸರಿನ ದೇಶವಿಲ್ಲ. ಯೂರೋಕ್ಲಿಯರ್, ಕ್ಲಿಯರ್‌ಸ್ಟ್ರೀಮ್ ಎಂಬ, ಷೇರು ಬಾಂಡ್‌ಗಳನ್ನು ಕಾಪಿಡುವ ಅಂತರರಾಷ್ಟ್ರೀಯ ಸಂಸ್ಥೆಗಳ ಮೂಲಕ ಬಂದ ಬಾಂಡ್‌ಗಳಿಗೆ ಆ ಸಂಕೇತ.

ಮಾರಾಟದ ಜಾಗವನ್ನು ಐಸಿನ್ ಹೇಳುವುದೇ ಇಲ್ಲ, ಕರೆನ್ಸಿಯನ್ನೂ ಹೇಳುವುದಿಲ್ಲ. ವ್ಯಾನ್‌ಗಾರ್ಡ್‌ನ ಎಸ್ ಆ್ಯಂಡ್ ಪಿ 500 ಇಟಿಎಫ್ (ಅಮೆರಿಕದ ದೊಡ್ಡ ಕಂಪನಿಗಳ ಸೂಚ್ಯಂಕವನ್ನು ಹಿಂಬಾಲಿಸುವ, ಷೇರಿನಂತೆ ಕೊಳ್ಳಬಹುದಾದ ನಿಧಿ) ಲಂಡನ್‌ನಲ್ಲಿ ಪೌಂಡ್‌ನಲ್ಲೂ ಸಿಗುತ್ತದೆ, ಡಾಲರ್‌ನಲ್ಲೂ ಸಿಗುತ್ತದೆ. ಟಿಕರ್ ಎರಡು, ಸೆಡಾಲ್ ಎರಡು, ಐಸಿನ್ ಒಂದೇ. ಐಸಿನ್ ಒಂದನ್ನೇ ನಂಬಿ ಬೆಲೆ ಹುಡುಕಿದರೆ ಡಾಲರ್ ಬೆಲೆಯನ್ನು ಪೌಂಡ್ ಎಂದು ಬರೆದುಕೊಳ್ಳುವ ಅಪಾಯವಿದೆ. ಅದಕ್ಕೇ ವೃತ್ತಿಪರರು ಐಸಿನ್ ಜೊತೆಗೆ ಎಂಐಸಿ ಎಂಬ ನಾಲ್ಕಕ್ಷರದ ಪೇಟೆ ಸಂಕೇತವನ್ನೂ ಕರೆನ್ಸಿಯನ್ನೂ ಬರೆಯುತ್ತಾರೆ. ಫಿಗಿಯಲ್ಲಿ ಈ ಹಂತಗಳು ಒಳಗೇ ಇವೆ: ಷೇರಿಗೊಂದು, ದೇಶಕ್ಕೊಂದು, ಒಂದೊಂದು ವಿನಿಮಯ ಕೇಂದ್ರಕ್ಕೆ ಒಂದೊಂದು ಸಂಕೇತ. ಬ್ಲೂಮ್‌ಬರ್ಗ್ ಹುಟ್ಟುಹಾಕಿದ ಈ ಸಂಕೇತವನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು.

ಹಣದ ಮಾತು ಬಂತಾದ್ದರಿಂದ ಒಂದು ವಿಷಯ ಹೇಳಲೇಬೇಕು. ಸಂಖ್ಯೆಗೂ ಮಾಲೀಕರಿದ್ದಾರೆ. ಕ್ಯೂಸಿಪ್ ದತ್ತಾಂಶವನ್ನು ಸಗಟಾಗಿ ಬಳಸಲು ಪರವಾನಗಿ ಶುಲ್ಕ ಕೊಡಬೇಕು. ಅಮೆರಿಕದ ಐಸಿನ್‌ಗಳಿಗೆ ಯುರೋಪಿನಲ್ಲಿ ಅನ್ಯಾಯದ ಬೆಲೆ ಕೇಳಲಾಗುತ್ತಿದೆ ಎಂದು ಯುರೋಪಿಯನ್ ಆಯೋಗ, ಆಗ ಕ್ಯೂಸಿಪ್ ನಡೆಸುತ್ತಿದ್ದ ಸ್ಟ್ಯಾಂಡರ್ಡ್ ಆ್ಯಂಡ್ ಪೂರ್ಸ್ ಮೇಲೆ ಆಕ್ಷೇಪ ಎತ್ತಿತು. 2011ರಲ್ಲಿ ಆ ಸಂಸ್ಥೆ ಕೊಟ್ಟ ವಾಗ್ದಾನಗಳನ್ನು ಆಯೋಗ ಕಾನೂನುಬದ್ಧಗೊಳಿಸಿತು. ಕಂಪನಿಯೊಂದರ ಷೇರಿನ ಹೆಸರನ್ನು ಹೇಳುವುದಕ್ಕೂ ಬಾಡಿಗೆ ಕೊಡಬೇಕೇ ಎಂಬ ಸಿಟ್ಟು ಈ ಕ್ಷೇತ್ರದಲ್ಲಿ ಹಳೆಯದು, ನನಗೂ ಅದು ನ್ಯಾಯವೆಂದೇ ತೋರುತ್ತದೆ.

ಆಪ್ಷನ್, ಸ್ವಾಪ್ ಮುಂತಾದ, ಬೇರೊಂದರ ಬೆಲೆಯನ್ನೋ ಬಡ್ಡಿದರವನ್ನೋ ಆಧರಿಸಿದ ಒಪ್ಪಂದಗಳ (ಡಿರೈವೇಟಿವ್) ಲೋಕ ಬೇರೆಯೇ. 2018ರ ಜನವರಿಯಲ್ಲಿ ಯುರೋಪಿನ ಹೊಸ ಕಾಯ್ದೆ ಜಾರಿಯಾದಾಗ ಸ್ವಾಪ್‌ಗಳಿಗೂ ಐಸಿನ್ ಕಡ್ಡಾಯವಾಯಿತು. ಮುಕ್ತಾಯದ ದಿನಾಂಕ ಒಂದು ದಿನ ಸರಿದರೆ ಮತ್ತೊಂದು ಐಸಿನ್. ಸಂಖ್ಯೆಗಳು ಅಣಬೆಯಂತೆ ಎದ್ದವು. ಆಮೇಲೆ ಒಪ್ಪಂದದ ಬಗೆಯನ್ನಷ್ಟೇ ಗುರುತಿಸುವ ಯುಪಿಐ ಎಂಬ ಸಂಕೇತ ಬಂತು. ಅದೇ ಹೆಸರಿನ ಪಾವತಿ ವ್ಯವಸ್ಥೆಗೂ ಇದಕ್ಕೂ ಸಂಬಂಧವಿಲ್ಲ. ನಿಮ್ಮ ಪಟ್ಟಿಯಲ್ಲಿ ಇಂಥವಿಲ್ಲದಿದ್ದರೆ ಇದರ ಗೊಡವೆ ಬೇಡ.

ಇನ್ನು ನಿಮ್ಮ ಪಟ್ಟಿಯನ್ನು ಸರಿಮಾಡುವ ಕೆಲಸ. ಪ್ರತಿ ಸಾಲಿಗೂ ಐಸಿನ್ ಅನ್ನೇ ಆಧಾರವಾಗಿಟ್ಟುಕೊಳ್ಳಿ. ಟಿಕರ್, ಪೇಟೆ, ಕರೆನ್ಸಿ ಪಕ್ಕದ ಕಾಲಂಗಳಲ್ಲಿರಲಿ. ಐಸಿನ್ ಬದಲಾದಾಗ ಹಳೆಯದನ್ನು ಅಳಿಸಬೇಡಿ. ಯಾವ ದಿನಾಂಕದವರೆಗೆ ಯಾವುದು, ಎಷ್ಟಕ್ಕೆ ಎಷ್ಟು ಎಂದು ಬರೆಯಿರಿ. ಪ್ರತಿ ಷೇರಿಗೆ ನೀವು ಕೊಟ್ಟ ಹಳೆಯ ಖರೀದಿ ಬೆಲೆಯನ್ನೂ ಎಂಟರಿಂದ ಗುಣಿಸಿಕೊಳ್ಳದಿದ್ದರೆ, ಮುಂದೊಂದು ದಿನ ಮಾರಿದಾಗ ಇಲ್ಲದ ಲಾಭ ಕಾಣಿಸುತ್ತದೆ.

ಮತ್ತೊಂದು ಎಚ್ಚರಿಕೆ. ಸಂಖ್ಯೆ ತುಂಬುವ ಮೊದಲೇ ಆ ಕಾಲಂ ಅನ್ನು ಪಠ್ಯ ಎಂದು ಗುರುತಿಸಿ. ವರ್ಷಗಳ ಹಿಂದೆ ನಾನು ವಹಿವಾಟು ಇತ್ಯರ್ಥದ ವಿಭಾಗವೊಂದರಲ್ಲಿದ್ದಾಗ ಒಂದು ಬೆಳಿಗ್ಗೆ ಆಪಲ್ ಷೇರಿನ ಸಾಲುಗಳೆಲ್ಲ ‘ಸಿಗಲಿಲ್ಲ’ ಎಂದು ಬಂದವು. ಅರ್ಧ ದಿನ ಹುಡುಕಿದೆವು. ಆಪಲ್‌ನ ಕ್ಯೂಸಿಪ್ 037833100. ಯಾರೋ ಕಡತವನ್ನು ಎಕ್ಸೆಲ್‌ನಲ್ಲಿ ತೆರೆದು ಹಾಗೆಯೇ ಉಳಿಸಿದ್ದರು. ಎಕ್ಸೆಲ್ ಅದನ್ನು ಮೊತ್ತವೆಂದು ತಿಳಿದು ಮೊದಲ ಸೊನ್ನೆಯನ್ನು ನುಂಗಿತ್ತು. ಆರು ಅಂಕಿ, ನಂತರ ಇ ಅಕ್ಷರ, ನಂತರ ಎರಡು ಅಂಕಿ ಇರುವ ಕ್ಯೂಸಿಪ್ ಸಿಕ್ಕರಂತೂ ಅದನ್ನು ಹತ್ತರ ಘಾತವೆಂದು ಓದಿ ಕೋಟಿಕೋಟಿಗಳ ಸಂಖ್ಯೆ ಮಾಡಿಡುತ್ತದೆ. ಐಸಿನ್ ಅಕ್ಷರಗಳಿಂದ ಶುರುವಾಗುವುದರಿಂದ ಈ ಕಾಟದಿಂದ ಪಾರು.

ಕೊನೆಯದಾಗಿ, ನೀವು ಕೇಳದಿದ್ದರೂ ನಿಮ್ಮ ಪಟ್ಟಿಯಲ್ಲಿ ಹುಡುಕಬೇಕಾದದ್ದೊಂದಿದೆ. 2023ರ ಜನವರಿಯಲ್ಲಿ ಜನರಲ್ ಎಲೆಕ್ಟ್ರಿಕ್ ತನ್ನ ಆರೋಗ್ಯ ಸಲಕರಣೆಗಳ ವ್ಯವಹಾರವನ್ನು ಜಿಇ ಹೆಲ್ತ್‌ಕೇರ್ ಎಂದು ಬೇರ್ಪಡಿಸಿ, ಪ್ರತಿ ಮೂರು ಷೇರುಗಳಿಗೆ ಅದರ ಒಂದು ಷೇರು ಕೊಟ್ಟಿತು. 2024ರ ಏಪ್ರಿಲ್‌ನಲ್ಲಿ ಜಿಇ ವೆರ್ನೋವಾ ಬೇರೆಯಾದಾಗ ಪ್ರತಿ ನಾಲ್ಕಕ್ಕೆ ಒಂದು. ಆ ಎರಡೂ ದಿನಗಳಲ್ಲಿ ನಿಮ್ಮ 100 ಷೇರುಗಳು ಕೈಯಲ್ಲಿದ್ದರೆ ಹೆಲ್ತ್‌ಕೇರ್‌ನ 33 ಷೇರುಗಳು ಮತ್ತು ತುಣುಕಿಗೆ ಒಂದಿಷ್ಟು ನಗದು, ವೆರ್ನೋವಾದ 25 ಷೇರುಗಳು ಬಂದಿರಬೇಕು. ಅವು ಹೊಸ ಕಂಪನಿಗಳು, ಹಾಗಾಗಿ 369604 ಎಂದು ಹುಡುಕಿದರೆ ಸಿಗುವುದಿಲ್ಲ. ಅವುಗಳ ಹೆಸರಿನಿಂದಲೇ ಹುಡುಕಿ. ಆ ಎರಡು ಸಾಲುಗಳು ಕಾಣದಿದ್ದರೆ ಹಳೆಯ ಖಾತೆಯನ್ನು ಈಗಲೇ ಮುಚ್ಚಬೇಡಿ.